ಹಳೇ ರೋಡ್ ಬೈಕಲ್ಲಿ ಏರು ಹತ್ತೋಕೆ ಗೇರ್ ಹಗುರ ಮಾಡ್ಕೊಳ್ಳೋದು ಹೇಗೆ

ಹಳೇ ಸ್ಟೀಲ್ ರೋಡ್ ಬೈಕ್ ಇರೋರು ಏರು ಬಂದ ತಕ್ಷಣ ಏದುಸಿರು ಬಿಟ್ಕೊಂಡು ಇಳಿದು ತಳ್ತಾರಲ್ಲ, ಅದಕ್ಕೆ ಕಾಲಲ್ಲಿ ಕಸುವಿಲ್ಲ ಅನ್ನೋದು ಕಾರಣ ಅಲ್ಲ, ಆ ಬೈಕಿನ ಗೇರೇ ಭಾರ. 70, 80ರ ದಶಕದ ಬೈಕುಗಳಲ್ಲಿ ಮುಂದಿನ ಎರಡು ಹಲ್ಲುಚಕ್ರಕ್ಕೆ 52 ಮತ್ತೆ 42 ಹಲ್ಲು, ಹಿಂದಿನವಕ್ಕೆ 14ರಿಂದ 24ರ ತನಕ, ಇದು ತುಂಬಾ ಕಡೆ ಕಾಣೋ ಜೋಡಿ. ರೇಸ್ ಹೊಡೆಯೋರ ಕಾಲಿಗೆ ಹೊಂದೋ ಲೆಕ್ಕ ಅದು, ನಮ್ಮಂಥೋರು ಅದನ್ನ ಬದಲಾಯಿಸ್ಕೊಂಡ್ರೆ ತಪ್ಪೇನಿಲ್ಲ.

ಮೊದಲು ಲೆಕ್ಕ ಹಾಕಿ. ಮುಂದಿನ ಹಲ್ಲನ್ನ ಹಿಂದಿನ ಹಲ್ಲಿಂದ ಭಾಗಿಸಿ, ಚಕ್ರದ ಸುತ್ತಳತೆಯಿಂದ ಗುಣಿಸಿ, ಅದು ಸುಮಾರು 2.1 ಮೀಟರ್ ಅಂತ ಇಟ್ಕೊಳ್ಳಿ. 42ಕ್ಕೆ 24 ಅಂದ್ರೆ ಪೆಡಲ್ ಒಂದು ಸುತ್ತಿಗೆ ಬೈಕು ಹತ್ರತ್ರ 3.7 ಮೀಟರ್ ಹೋಗುತ್ತೆ, ನಿಮಿಷಕ್ಕೆ 60 ಸುತ್ತು ತುಳಿದ್ರೆ ಗಂಟೆಗೆ 13 ಕಿಲೋಮೀಟರ್. ಬೈಕು, ಸವಾರ ಸೇರಿ 87 ಕೆಜಿ, ಏರು 8 ಪರ್ಸೆಂಟ್ ಅಂದ್ಕೊಳ್ಳಿ, ಆ ವೇಗಕ್ಕೆ ಬರೀ ಮೇಲೆ ಹತ್ತೋಕೇ 250 ವ್ಯಾಟ್ ಬೇಕು, ಅಷ್ಟನ್ನ ಅರ್ಧ ಗಂಟೆ ಕೊಡೋರು ಎಷ್ಟು ಜನ ಹೇಳಿ. ಅದೇ 34ಕ್ಕೆ 28 ಆದ್ರೆ ಅದೇ 60 ಸುತ್ತಿಗೆ ವೇಗ 9 ಕಿಲೋಮೀಟರ್ ಚಿಲ್ಲರೆ, 175 ವ್ಯಾಟ್ ಸಾಕು. ನಿಧಾನ ಆಗುತ್ತೆ ನಿಜ, ಆದ್ರೆ ಮಂಡಿ ಉಳಿಯುತ್ತೆ, ಮೇಲೆ ಹೋದ್ಮೇಲೂ ಇನ್ನೊಂದು ಏರಿಗೆ ಕಾಲಲ್ಲಿ ಏನಾದ್ರೂ ಮಿಕ್ಕಿರುತ್ತೆ.

ನನ್ನ ಮಾತು ಕೇಳೋದಾದ್ರೆ ಹಿಂದಿನಿಂದ ಶುರು ಮಾಡಿ. ಫ್ರೀವೀಲ್, ಅಂದ್ರೆ ಹಿಂದಿನ ಹಲ್ಲುಚಕ್ರಗಳ ಗುಂಪು, ಅದನ್ನ ಬದಲಾಯಿಸೋದು ಎಲ್ಲಕ್ಕಿಂತ ಕಮ್ಮಿ ಖರ್ಚು, ಬೈಕಿನ ರೂಪಾನೂ ಕೆಡಲ್ಲ. 14-28 ಹಾಕಿದ್ರೆ 42ರ ಜೊತೆಗೇ ಒಂದು ಸುತ್ತಿಗೆ 3.15 ಮೀಟರಿಗೆ ಇಳಿಯುತ್ತೆ, ಎಷ್ಟೋ ಜನಕ್ಕೆ ಇಷ್ಟೇ ಸಾಕಾಗುತ್ತೆ. ಹಿಂದಿನ ಫೋರ್ಕಿನ ಒಳ ಅಗಲ 126 ಮಿಲಿಮೀಟರ್ ಇದ್ರೆ 6 ಸ್ಪೀಡ್ (ಆರು ಹಲ್ಲುಚಕ್ರದ್ದು) ಆರಾಮಾಗಿ ಕೂರುತ್ತೆ, ಸಾಮಾನ್ಯವಾಗಿ 7 ಕೂಡ ಹಿಡಿಯುತ್ತೆ, 120 ಇದ್ರೆ 5 ಸ್ಪೀಡಲ್ಲೇ ದೊಡ್ಡ ಹಲ್ಲಿಂದು ಹುಡುಕಿ. ಹಬ್ಬಿನ (ಚಕ್ರದ ನಡುಭಾಗದ) ಥ್ರೆಡ್ ನೋಡ್ದೆ ಮಾತ್ರ ಯಾವುದನ್ನೂ ತಗೋಬೇಡಿ, ಹಳೇ ಫ್ರೆಂಚ್ ಹಬ್ಬಿನ ಥ್ರೆಡ್ಡೇ ಬೇರೆ, ಇಂಗ್ಲಿಷ್ ಥ್ರೆಡ್ಡಿನ ಫ್ರೀವೀಲನ್ನ ಬಲವಂತ ಮಾಡಿ ತಿರುಗಿಸಿದ್ರೆ ಹಬ್ಬೇ ಹಾಳು.

ಹಳೇ ಫ್ರೀವೀಲ್ ಬಿಚ್ಚೋದು ತಾಳ್ಮೆಯ ಕೆಲಸ. ಟೂಲ್ ಕೂರೋಕೆ ಎರಡೇ ಕಚ್ಚು ಇರೋ ಥರದ್ದನ್ನ ನಾನು ಮೊದಲ ಸಲ ಬಿಚ್ಚುವಾಗ ಫ್ರೀವೀಲ್ ಬಿಚ್ಚೋ ಟೂಲನ್ನ ಹಾಗೇ ಇಟ್ಟು ಸ್ಪ್ಯಾನರ್ ಎಳೆದೆ, ಟೂಲ್ ಜಾರಿ ಒಂದು ಕಚ್ಚಿನ ಅಂಚು ಚೂರಾಗಿ ಹೋಯ್ತು, ಆಮೇಲೆ ಆ ಫ್ರೀವೀಲನ್ನ ಒಡೆದೇ ತೆಗೀಬೇಕಾಯ್ತು. ಹಾಗಾಗಿ ಟೂಲ್ ಕೂರಿಸಿ ಅದರ ಮೇಲೆ ಕ್ವಿಕ್ ರಿಲೀಸ್ ಕಡ್ಡಿ (ಚಕ್ರವನ್ನ ಫ್ರೇಮಿಗೆ ಬಿಗಿಯೋದು) ಹಾಕಿ ನಟ್ಟು ಬಿಗಿ ಮಾಡಿ, ಟೂಲನ್ನ ವೈಸಲ್ಲಿ ಕಚ್ಚಿಸಿ, ಚಕ್ರವನ್ನ ಎರಡೂ ಕೈಲಿ ಹಿಡಿದು ಬಸ್ಸಿನ ಸ್ಟೇರಿಂಗ್ ಥರ ಎಡಕ್ಕೆ ತಿರುಗಿಸಿ. ಟಕ್ ಅಂತ ಒಂದು ಸದ್ದು ಬರುತ್ತೆ. ಅಲ್ಲೇ ನಿಲ್ಲಿಸಿ ನಟ್ಟು ಸಡಿಲ ಮಾಡಿ, ಇಲ್ಲಾಂದ್ರೆ ಫ್ರೀವೀಲ್ ಹೊರಗೆ ಬರ್ತಾ ಬರ್ತಾ ಕಡ್ಡಿಯನ್ನೇ ಎಳೆದು ಮುರಿಯುತ್ತೆ. ಹೊಸದು ಹಾಕುವಾಗ ಥ್ರೆಡ್ಡಿಗೆ ಗ್ರೀಸ್ ಬಳಿಯೋದು ಮರೀಬೇಡಿ.

ಈಗ ಹಿಂದಿನ ಡಿರೇಲರ್, ಅಂದ್ರೆ ಚೈನನ್ನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸೋ ಸಾಧನ. ಇಟಲಿಯ ಕ್ಯಾಂಪಗ್ನೋಲೋ ಕಂಪನಿಯ ನ್ಯೂವೋ ರೆಕಾರ್ಡ್ ಥರದ್ದು 26 ಹಲ್ಲು ದಾಟಿದ್ರೆ ಒದ್ದಾಡುತ್ತೆ. ನೋಡೋಕೆ ಎಷ್ಟೇ ಚಂದ ಇದ್ರೂ ಏರಿನ ಸವಾರಿಗೆ ಅದಕ್ಕಿಂತ ಜಪಾನ್ ಕಂಪನಿಯ ಹಳೇ ಸನ್‌ಟೂರ್ ವಾಸಿ ಅಂತ ಧೈರ್ಯವಾಗಿ ಹೇಳ್ತೀನಿ. ಸನ್‌ಟೂರ್‌ನೋರು 1964ರಲ್ಲೇ ಡಿರೇಲರನ್ನ ಓರೆಯಾಗಿ ಚಲಿಸೋ ಹಾಗೆ ಮಾಡಿದ್ರು, ಅದು ಹಲ್ಲುಚಕ್ರಗಳ ಇಳಿಜಾರಿನ ಗುಂಟನೇ ಸಾಗುತ್ತೆ, ಹಾಗಾಗಿ ದೊಡ್ಡ ಹಲ್ಲಿಗೂ ಚೈನ್ ಸಲೀಸಾಗಿ ಹತ್ತುತ್ತೆ. ಹಳೇ ಬೈಕಿನ ಶಿಫ್ಟರಲ್ಲಿ ಕ್ಲಿಕ್ ಇರಲ್ಲ, ಬರೀ ಫ್ರಿಕ್ಷನ್ (ಲಿವರ್ ಎಲ್ಲಿ ಬಿಟ್ರೆ ಅಲ್ಲೇ ನಿಲ್ಲುತ್ತೆ), ಅದು ನಮಗೆ ದೊಡ್ಡ ಅನುಕೂಲ, ಹೆಚ್ಚುಕಮ್ಮಿ ಯಾವ ಕಂಪನಿ ಡಿರೇಲರ್ ಹಾಕಿದ್ರೂ ನಡಿಯುತ್ತೆ. ಎಷ್ಟು ಸಡಿಲ ಚೈನನ್ನ ಅದು ಎಳ್ಕೋಬೇಕು ಅನ್ನೋದಕ್ಕೆ ಮುಂದಿನ ಎರಡು ರಿಂಗಿನ (ಹಲ್ಲುಚಕ್ರದ) ಹಲ್ಲಿನ ವ್ಯತ್ಯಾಸ, ಹಿಂದಿನ ದೊಡ್ಡದು ಚಿಕ್ಕದರ ವ್ಯತ್ಯಾಸ ಎರಡನ್ನೂ ಕೂಡಿ. 52-42ಕ್ಕೆ 14-28 ಆದ್ರೆ 10ಕ್ಕೆ 14 ಸೇರಿ 24. 50-34 ಹಾಕಿದ್ರೆ 30 ಆಗುತ್ತೆ, ಅದಕ್ಕೆ ಉದ್ದ ಕೇಜ್ (ಎರಡು ಚಿಕ್ಕ ಗಾಲಿ ಹಿಡಿಯೋ ಚೌಕಟ್ಟು) ಇರೋ ಡಿರೇಲರೇ ಬೇಕು.

ಅಷ್ಟಾದ್ರೂ ಸಾಲಲ್ಲ ಅನ್ನಿಸಿದ್ರೆ ಆಗ ಮುಂದಿನ ರಿಂಗಿಗೆ ಕೈ ಹಾಕಿ. ಇಲ್ಲಿ ಬೋಲ್ಟ್ ಸರ್ಕಲ್, ಅಂದ್ರೆ ರಿಂಗ್ ಹಿಡಿಯೋ ಬೋಲ್ಟುಗಳ ಮೂಲಕ ಹಾಯೋ ವೃತ್ತದ ವ್ಯಾಸ, ಆ ಅಳತೆನೇ ಎಲ್ಲಾನೂ ತೀರ್ಮಾನ ಮಾಡೋದು. ಐದು ಕೈಯಿನ ಕ್ರ್ಯಾಂಕಲ್ಲಿ (ಪೆಡಲ್, ರಿಂಗ್ ಕೂರೋ ಭಾಗ) ಪಕ್ಕಪಕ್ಕದ ಎರಡು ಬೋಲ್ಟಿನ ನಡುವಿಂದ ನಡುವಿಗೆ ಅಳೆಯಿರಿ, 84.6 ಮಿಲಿಮೀಟರ್ ಬಂದ್ರೆ ಅದು 144ರ ಸರ್ಕಲ್, 41ಕ್ಕಿಂತ ಚಿಕ್ಕ ರಿಂಗ್ ಕೂರೋದೇ ಇಲ್ಲ. 76.4 ಬಂದ್ರೆ 130, ಅದರಲ್ಲಿ 38ರ ತನಕ ಇಳಿಬಹುದು. 64.7 ಬಂದ್ರೆ 110, ನಿಮ್ಮ ಅದೃಷ್ಟ, 34 ಆರಾಮಾಗಿ ಹಾಕಬಹುದು. 144 ಇದ್ದೋರು ಕ್ರ್ಯಾಂಕೇ ಬದಲಾಯಿಸ್ಬೇಕು, ಆಗ ಬಾಟಮ್ ಬ್ರಾಕೆಟ್ಟಿನ (ಕ್ರ್ಯಾಂಕ್ ತಿರುಗೋ ಬೇರಿಂಗಿನ) ಕಡ್ಡಿ ಉದ್ದ, ಅದರ ತುದಿಯ ಓರೆ ಎರಡೂ ಹೊಸ ಕ್ರ್ಯಾಂಕಿಗೆ ಹೊಂದುತ್ತಾ ನೋಡ್ಕೊಂಡೇ ದುಡ್ಡು ಕೊಡಿ.

52ನ್ನ ಬಿಟ್ಟುಕೊಡೋಕೆ ತುಂಬಾ ಜನ ಹಿಂಜರೀತಾರೆ. ಒಂದು ಲೆಕ್ಕ ಹೇಳ್ತೀನಿ, 46ಕ್ಕೆ 14 ಇಟ್ಟು ನಿಮಿಷಕ್ಕೆ 90 ಸುತ್ತು ತುಳಿದ್ರೆ ಗಂಟೆಗೆ 37 ಕಿಲೋಮೀಟರ್ ಆಗುತ್ತೆ, ಇಳಿಜಾರಲ್ಲಿ ಅದಕ್ಕಿಂತ ಜೋರು ಹೋಗುವಾಗ ತುಳಿಯೋದೇ ಬೇಡ, ಬೈಕು ತಾನೇ ಹೋಗುತ್ತೆ. ಹಾಗಾಗಿ ದೊಡ್ಡ ರಿಂಗನ್ನೂ 46ಕ್ಕೋ 48ಕ್ಕೋ ಇಳಿಸಿ. ಇಳಿಸಿದ್ಮೇಲೆ ಮುಂದಿನ ಡಿರೇಲರನ್ನೂ ಕೆಳಗೆ ಸರಿಸಬೇಕು, ಚೈನ್ ಹಾದುಹೋಗೋ ಅದರ ಕೇಜಿಗೂ ದೊಡ್ಡ ರಿಂಗಿನ ಹಲ್ಲಿಗೂ ಮಧ್ಯೆ 2-3 ಮಿಲಿಮೀಟರ್ ಸಂದು ಇರಲಿ.

ಕೊನೆಗೆ ಚೈನ್ ಉದ್ದ, ಇದನ್ನ ಅವಸರದಲ್ಲಿ ಮಾಡ್ಲೇಬೇಡಿ. ಹಿಂದೆ ದೊಡ್ಡ ಹಲ್ಲು ಹಾಕಿದ್ಮೇಲೆ ಹಳೇ ಚೈನ್ ಗಿಡ್ಡ ಆಗಿರುತ್ತೆ, ಸವಾರಿ ಮಧ್ಯೆ ಮರೆತು ದೊಡ್ಡದಕ್ಕೆ ದೊಡ್ಡದು ಹಾಕಿಬಿಟ್ರೆ ಡಿರೇಲರ್ ಕಿತ್ಕೊಂಡು ಬರುತ್ತೆ, ಫ್ರೇಮಲ್ಲಿ ಡಿರೇಲರ್ ಕೂರೋ ಹ್ಯಾಂಗರ್ ಕೂಡ ಬಗ್ಗಬಹುದು. ಚೈನನ್ನ ಡಿರೇಲರಿಗೆ ಹಾಕ್ದೇನೇ ಎರಡೂ ಕಡೆ ದೊಡ್ಡದರ ಮೇಲೆ ಸುತ್ತಿ, ತುದಿಗಳು ಸೇರೋ ಜಾಗಕ್ಕಿಂತ ಎರಡು ಕೊಂಡಿ ಜಾಸ್ತಿ ಬಿಟ್ಟು ಕತ್ತರಿಸಿ. ಆಮೇಲೆ ಬೈಕನ್ನ ಸ್ಟ್ಯಾಂಡಿಗೆ ಹಾಕಿ ಕೈಯಲ್ಲೇ ಪೆಡಲ್ ತಿರುಗಿಸ್ತಾ ಎಲ್ಲಾ ಗೇರೂ ಒಂದೊಂದಾಗಿ ಹಾಕಿ ನೋಡಿ, ದೊಡ್ಡ ಹಲ್ಲಿನ ಮೇಲಿದ್ದಾಗ ಡಿರೇಲರ್ ಚಕ್ರದ ಕಡ್ಡಿಗಳಿಗೆ ತಾಗದ ಹಾಗೆ ಅದರ ಮಿತಿ ಹಿಡಿಯೋ ಸ್ಟಾಪ್ ಸ್ಕ್ರೂ ತಿರುಗಿಸಿ. ಬಿಚ್ಚಿದ ಹಳೇ ಸಾಮಾನನ್ನ ಒರೆಸಿ, ಎಣ್ಣೆ ಸವರಿ, ಒಂದು ಡಬ್ಬಿಲಿ ಹಾಕಿಡಿ, ಯಾವತ್ತಾದ್ರೂ ಬೈಕನ್ನ ಮೂಲದ ಥರಾನೇ ಮಾಡ್ಬೇಕು ಅನ್ನಿಸಿದ್ರೆ ಎಲ್ಲಾ ಅಲ್ಲೇ ಇರುತ್ತೆ.