ಬ್ರಿಟನ್ನಿನಲ್ಲಿ ಯುದ್ಧದ ಚರ್ಚೆ: ಅಲ್ಲಿ ನೆಲೆಸಿದ ಕೊಡಗಿನವರಿಗೆ
ಹೊರದೇಶಕ್ಕೆ ಸೈನ್ಯ ಕಳುಹಿಸುವ ಅಧಿಕಾರ ಬ್ರಿಟನ್ನಿನಲ್ಲಿ ರಾಜಪರಮಾಧಿಕಾರದ ಹೆಸರಿನಲ್ಲಿ ಪ್ರಧಾನಿ ಮತ್ತು ಸಂಪುಟದ ಕೈಯಲ್ಲಿದೆ. ಸಂಸತ್ತಿನ ಒಪ್ಪಿಗೆ ಪಡೆಯಲೇಬೇಕೆಂಬ ಕಾನೂನಿಲ್ಲ. 2003ರ ಮಾರ್ಚ್ 18ರಂದು ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ ಇರಾಕ್ ಯುದ್ಧಕ್ಕೆ 412–149 ಮತಗಳಿಂದ ಒಪ್ಪಿದ ಬಳಿಕ ಸದನವನ್ನು ಮೊದಲೇ ಕೇಳುವ ವಾಡಿಕೆ ಬೆಳೆಯಿತು. 2013ರ ಆಗಸ್ಟ್‌ನಲ್ಲಿ ಸಿರಿಯಾದ ವಿರುದ್ಧ ಸೈನಿಕ ಕ್ರಮದ ಪ್ರಸ್ತಾವಕ್ಕೆ 272 ಮತಗಳು ಮಾತ್ರ ಬಂದು, 285 ಮಂದಿ ವಿರೋಧಿಸಿದಾಗ ಸರ್ಕಾರ ಹಿಂದೆ ಸರಿಯಿತು. ಆದರೂ 2018ರ ಏಪ್ರಿಲ್‌ನಲ್ಲಿ ಮತಕ್ಕೆ ಹಾಕದೆಯೇ ಸಿರಿಯಾದ ಮೇಲೆ ದಾಳಿ ನಡೆಯಿತು.

ಇಂಥ ಹೊತ್ತಿನಲ್ಲಿ ಟಿವಿಯಲ್ಲಿ ಮಾತನಾಡುವ ನಿವೃತ್ತ ಜನರಲ್‌ಗಳನ್ನು, ಸೇನೆಗೆ ಮಕ್ಕಳನ್ನು ಕಳುಹಿಸಿದ ಒಕ್ಕಗಳಿಂದ (ಕೊಡವ ಮನೆತನಗಳಿಂದ) ಬಂದ ನಾವು ಸಹಜವಾಗಿಯೇ ನಂಬುತ್ತೇವೆ. ಆ ಗೌರವ ಇರಲಿ. ಆದರೆ ಯುದ್ಧ ಗೆಲ್ಲಬಹುದೇ, ಅದು ಕಾನೂನುಬದ್ಧವೇ, ಬೇಹುಗಾರಿಕೆಯ ಮಾಹಿತಿ ಗಟ್ಟಿಯೇ, ಗೆದ್ದ ಮೇಲೆ ಆ ದೇಶವನ್ನು ಯಾರು ನಡೆಸುತ್ತಾರೆ ಎಂಬ ಪ್ರಶ್ನೆಗಳು ಬೇರೆ ಬೇರೆ. ಒಂದರಲ್ಲಿ ಪಳಗಿದವರ ಮಾತು ಇನ್ನೊಂದಕ್ಕೆ ಪ್ರಮಾಣವಾಗದು. 2003ರಲ್ಲಿ ಇರಾಕಿನ ರಾಜಧಾನಿ ಬಾಗ್ದಾದ್ ಮೂರೇ ವಾರಗಳಲ್ಲಿ ಬಿದ್ದಿತು, ಅಂದರೆ ಸೈನಿಕ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಉಳಿದದ್ದು ಸರಿಯಿರಲಿಲ್ಲ: ಮಾಹಿತಿಯನ್ನು ಅದಕ್ಕಿಲ್ಲದ ಖಚಿತತೆಯಿಂದ ಮುಂದಿಡಲಾಯಿತೆಂದೂ ಯುದ್ಧಾನಂತರದ ಸಿದ್ಧತೆ ತೀರ ಸಾಲದಾಗಿತ್ತೆಂದೂ ಇರಾಕ್ ಯುದ್ಧದ ಬಗ್ಗೆ ಬ್ರಿಟನ್ನಿನಲ್ಲಿ ನಡೆದ ಅಧಿಕೃತ ತನಿಖೆಯ 2016ರ ಚಿಲ್ಕಾಟ್ ವರದಿ ಹೇಳಿತು. ಯುದ್ಧ ಕಾನೂನುಬಾಹಿರವೆಂದು ವಿದೇಶಾಂಗ ಇಲಾಖೆಯ ಉಪ ಕಾನೂನು ಸಲಹೆಗಾರ್ತಿ ಎಲಿಜಬೆತ್ ವಿಲ್ಮ್‌ಸ್‌ಹರ್ಸ್ಟ್ 2003ರಲ್ಲೇ ರಾಜೀನಾಮೆ ಕೊಟ್ಟಿದ್ದರು. ಹುದ್ದೆಯನ್ನೇ ಬಿಟ್ಟು ಹೇಳಿದ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಶಸ್ತ್ರಾಸ್ತ್ರ ಕಂಪನಿಗೆ ಸಲಹೆಗಾರರಾಗಿರುವವರ ಮಾತನ್ನಾದರೆ ಎರಡು ಸಲ ತೂಗಬೇಕು.

ಹೊರನಾಡಿಗೆ ಸೈನ್ಯ ಹೋಗುವುದನ್ನು ಸಮರ್ಥಿಸಲು ನಮ್ಮವರೇ ಕೆಲವೊಮ್ಮೆ ಮಡಿಕೇರಿಯ ಜನರಲ್ ತಿಮ್ಮಯ್ಯನವರನ್ನು ನೆನೆಯುವುದುಂಟು. 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ವಿಚಾರಕ್ಕಾಗಿ ಅವರು ಮುನ್ನಡೆಸಿದ ಆಯೋಗ ಎರಡೂ ಪಕ್ಷಗಳ ಕದನವಿರಾಮ ಒಪ್ಪಂದದಿಂದ ಹುಟ್ಟಿದ್ದು. 1965ರಲ್ಲಿ ತೀರಿಕೊಳ್ಳುವವರೆಗೂ ಅವರು ದಂಡನಾಯಕರಾಗಿದ್ದ ಸೈಪ್ರಸ್‌ನ ವಿಶ್ವಸಂಸ್ಥೆಯ ಪಡೆ ಆ ದೇಶದ ಸರ್ಕಾರದ ಸಮ್ಮತಿಯಿಂದ ಹೋದದ್ದು. ಕರೆಯದೆ ಬಾಂಬು ಹಾಕುವುದಕ್ಕೂ ಅದಕ್ಕೂ ಹೋಲಿಕೆಯಿಲ್ಲ.

ಸಂಸದೀಯ ಸಮಿತಿಗಳ ವರದಿಗಳು ಅಲ್ಲಿ ಉಚಿತವಾಗಿ ಸಿಗುತ್ತವೆ; ಲಿಬಿಯಾದಲ್ಲಿ ಬ್ರಿಟನ್ ನಡೆಸಿದ ಸೈನಿಕ ಕಾರ್ಯಾಚರಣೆ ಕುರಿತು 2016ರಲ್ಲಿ ವಿದೇಶಾಂಗ ವ್ಯವಹಾರಗಳ ಸಮಿತಿ ಬರೆದದ್ದನ್ನು ಮೊದಲು ಓದಿ. ಮತ್ತೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಅಲ್ಲಿ ಕಾನೂನುಬದ್ಧವಾಗಿ ವಾಸಿಸುವ ಭಾರತೀಯ ಪಾಸ್‌ಪೋರ್ಟಿನ ವಯಸ್ಕರು ಕಾಮನ್‌ವೆಲ್ತ್ ನಾಗರಿಕರಾಗಿ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಹೆಸರು ನೋಂದಾಯಿಸಿ, ಪ್ರಸ್ತಾವ ಸದನಕ್ಕೆ ಬರುವ ಮುನ್ನವೇ ನಿಮ್ಮ ಕ್ಷೇತ್ರದ ಸಂಸದರಿಗೆ ಪತ್ರ ಬರೆದು, ಗೆದ್ದ ಮೇಲಿನ ಯೋಜನೆ ಏನೆಂದು ಕೇಳಿ.