ಸೀಮಂತದ ಗಡಿಬಿಡಿಯಲ್ಲಿ ತಪ್ಪಿಹೋಗುವ ಸಕ್ಕರೆ ಪರೀಕ್ಷೆ: ತಡವಾಗಿಯಾದರೂ ಮಾಡಿಸುವುದು ಹೇಗೆ?

ನನ್ನ ತಂಗಿ 32ನೇ ವಾರದ ಸ್ಕ್ಯಾನಿಂಗ್ ಮುಗಿಸಿಕೊಂಡು ಜಯನಗರದ ನಮ್ಮ ಮನೆಗೆ ಬಂದಾಗ ವರದಿಯಲ್ಲಿ ಎರಡು ಸಂಗತಿಗಳಿದ್ದವು. ಮಗುವಿನ ಹೊಟ್ಟೆಯ ಸುತ್ತಳತೆ ವಾರದ ಲೆಕ್ಕಕ್ಕಿಂತ ಮುಂದಿದೆ, ಗರ್ಭದ ನೀರು ಕೊಂಚ ಹೆಚ್ಚಿದೆ. ವೈದ್ಯೆ ಕೇಳಿದ್ದು ಒಂದೇ ಪ್ರಶ್ನೆ: ‘ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಆಗಿದೆಯೇ?’ ಆಗಿದೆ ಎಂದು ತಂಗಿ ಧೈರ್ಯವಾಗಿ ಹೇಳಿಬಂದಿದ್ದಳು. ಫೈಲ್ ತಿರುವಿಹಾಕಿದರೆ ಸಿಕ್ಕಿದ್ದು ಮೂರನೇ ತಿಂಗಳಲ್ಲಿ ಯಾವುದೋ ಹೊತ್ತಿನಲ್ಲಿ ರಕ್ತ ತೆಗೆದು ನೋಡಿದ ಮಾಮೂಲಿ ಶುಗರ್ ಚೀಟಿ ಮಾತ್ರ.

ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಗರ್ಭಾವಸ್ಥೆಯ ಮಧುಮೇಹವನ್ನು ಹುಡುಕುವ ಮುಖ್ಯ ಪರೀಕ್ಷೆ ನಡೆಯಬೇಕಾದದ್ದು 24ರಿಂದ 28ನೇ ವಾರದೊಳಗೆ. ನಮ್ಮಲ್ಲಿ ಸೀಮಂತದ ಓಡಾಟವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ವೈಟ್‌ಫೀಲ್ಡ್‌ನಲ್ಲಿ ತೋರಿಸುತ್ತಿದ್ದ ವೈದ್ಯರು ‘ಮುಂದಿನ ಸಲ ಬಂದಾಗ ಮಾಡೋಣ’ ಎಂದಿರುತ್ತಾರೆ. ಅಷ್ಟರಲ್ಲಿ ಹುಡುಗಿ ಮಡಿಲು ತುಂಬಿಸಿಕೊಂಡು ತವರಿಗೆ ಬಂದಿರುತ್ತಾಳೆ. ತವರಿನ ಕಡೆಯ ವೈದ್ಯರು, ಅಲ್ಲಿಯೇ ಆಗಿರಬೇಕು ಎಂದುಕೊಳ್ಳುತ್ತಾರೆ. ಎರಡು ಆಸ್ಪತ್ರೆಗಳ ನಡುವೆ ಪರೀಕ್ಷೆ ಜಾರಿಬಿಡುತ್ತದೆ.

ಹೀಗಾಗಿದ್ದರೆ ಗಾಬರಿ ಬೇಡ, ಸುಮ್ಮನಿರುವುದೂ ಬೇಡ. ಮೊದಲ ಭೇಟಿಯಲ್ಲೊಮ್ಮೆ, ಅದರಲ್ಲಿ ಸಕ್ಕರೆ ಕಾಣದಿದ್ದರೆ 24–28ನೇ ವಾರದಲ್ಲಿ ಇನ್ನೊಮ್ಮೆ ಪರೀಕ್ಷಿಸಬೇಕು ಎಂಬುದು ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿ. 28 ವಾರ ದಾಟಿದ ಮೇಲೆ ಮೊದಲ ಸಲ ಬಂದವರಿಗೆ ಬಂದ ದಿನವೇ ಮಾಡಿ ಎಂದೂ ಅದರಲ್ಲಿದೆ. ತಾಯಿ ಕಾರ್ಡ್ ತೆರೆದು ನೋಡಿ. ಗ್ಲೂಕೋಸ್ ಕುಡಿದ ನಂತರದ ಅಂಕಿ ಅಲ್ಲಿ ಬರೆದಿಲ್ಲವೆಂದರೆ ಪರೀಕ್ಷೆ ಆಗಿಲ್ಲ ಎಂದೇ ತಿಳಿಯಿರಿ.

‘ಮೊದಲ ತಿಂಗಳುಗಳಲ್ಲಿ ಸರಿಯಾಗಿಯೇ ಇತ್ತಲ್ಲ’ ಎಂದು ನಮ್ಮ ಅಮ್ಮ ಕೇಳಿದಂತೆ ಬಹಳ ಮಂದಿ ಕೇಳುತ್ತಾರೆ. ಆಗ ಸರಿಯಾಗಿದ್ದದ್ದು ಈಗ ಕೆಡಲು ಕಾರಣ ಮಾಸು, ಅಂದರೆ ಪ್ಲಾಸೆಂಟಾ. ಮಗು ಬೆಳೆದಂತೆ ಮಾಸೂ ಬೆಳೆಯುತ್ತದೆ, ಅದು ಸುರಿಸುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತವೆ. ಮಗುವಿಗೆ ಸಕ್ಕರೆ ಸಾಕಷ್ಟು ಸಿಗಲಿ ಎಂದು ದೇಹವೇ ಮಾಡಿಕೊಂಡ ಏರ್ಪಾಡು ಇದು. ಹೆಚ್ಚಿನವರ ಮೇದೋಜೀರಕ ಗ್ರಂಥಿ ಎರಡು ಮೂರು ಪಟ್ಟು ಇನ್ಸುಲಿನ್ ಸುರಿಸಿ ಸರಿದೂಗಿಸುತ್ತದೆ. ಕೆಲವರದ್ದು ಸೋಲುತ್ತದೆ. ಆಗ ತಾಯಿಯ ರಕ್ತದಲ್ಲಿ ಹೆಚ್ಚಾದ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಮಗು ತನ್ನದೇ ಇನ್ಸುಲಿನ್ ಹೆಚ್ಚಿಸಿಕೊಂಡು ಆ ಸಕ್ಕರೆಯನ್ನು ಕೊಬ್ಬಾಗಿ ಕೂಡಿಹಾಕುತ್ತದೆ. ಹೊಟ್ಟೆ, ಭುಜ ದಪ್ಪವಾಗಿ ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳುವ ಅಪಾಯ ಬರುವುದು ಹೀಗೆ. ತಾಯಿಗೆ ಮಾತ್ರ ಬಹುಪಾಲು ಏನೂ ಅನ್ನಿಸುವುದಿಲ್ಲ. ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು ಎಲ್ಲವೂ ಎಂಟನೇ ತಿಂಗಳ ಬಸುರಿಗೆ ಹೇಗೂ ಇರುವಂಥವು. ಲಕ್ಷಣ ನೋಡಿಕೊಂಡು ಪರೀಕ್ಷೆಗೆ ಹೋಗುತ್ತೇನೆ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಯಾವ ಪರೀಕ್ಷೆ ಎಂದು ಮೊದಲು ಕೇಳಿ

ಬೆಂಗಳೂರಿನಲ್ಲಿ ಒಂದೇ ರಸ್ತೆಯ ಎರಡು ಲ್ಯಾಬ್‌ಗಳು ಎರಡು ಬಗೆಯ ಪರೀಕ್ಷೆ ಮಾಡಬಹುದು. ಬಳಕೆಯಲ್ಲಿರುವುದು ಮೂರು ವಿಧ.

ಸರ್ಕಾರಿ ಆಸ್ಪತ್ರೆಗಳು ಅನುಸರಿಸುವುದು ಚೆನ್ನೈನ ಡಾ. ವಿ. ಶೇಷಯ್ಯ ಅವರು ಮುಂದಾಗಿ ರೂಢಿಗೆ ತಂದ ಒಂದೇ ಹಂತದ ಕ್ರಮ. ಊಟವಾಗಿರಲಿ, ಬಿಟ್ಟಿರಲಿ, 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ. 140 ಮಿಲಿಗ್ರಾಂ ಮುಟ್ಟಿದರೆ ಮಧುಮೇಹ. ದೂರದಿಂದ ಬಸ್ ಹತ್ತಿ ಬರುವ ಬಸುರಿಯನ್ನು ಹಸಿವಿನಲ್ಲಿ ಕೂರಿಸಬೇಕಾಗಿಲ್ಲ ಎಂಬುದೇ ಇದರ ದೊಡ್ಡ ಅನುಕೂಲ. ಇದು ಕೆಲವರನ್ನು ಪತ್ತೆಹಚ್ಚದೆ ಬಿಟ್ಟುಬಿಡುತ್ತದೆ ಎಂಬ ತಕರಾರು ತಜ್ಞರಲ್ಲೇ ಇದೆ. ಆದರೂ ಪರೀಕ್ಷೆಯೇ ಆಗದಿರುವುದಕ್ಕಿಂತ ಇದು ಎಷ್ಟೋ ಮೇಲು ಎನ್ನುವವಳು ನಾನು.

ಎರಡನೆಯದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಒಪ್ಪಿದ ಕ್ರಮ. ಖಾಲಿ ಹೊಟ್ಟೆಯಲ್ಲಿ ಒಮ್ಮೆ, 75 ಗ್ರಾಂ ಗ್ಲೂಕೋಸ್ ಕುಡಿದ ಒಂದು ಗಂಟೆಗೆ ಒಮ್ಮೆ, ಎರಡು ಗಂಟೆಗೆ ಒಮ್ಮೆ ರಕ್ತ ತೆಗೆಯುತ್ತಾರೆ. ಗಡಿಗಳು ಕ್ರಮವಾಗಿ 92, 180, 153. ಮೂರರಲ್ಲಿ ಒಂದು ಮುಟ್ಟಿದರೂ ಮಧುಮೇಹವೇ.

ಮೂರನೆಯದರಲ್ಲಿ ಮೊದಲು 50 ಗ್ರಾಂ ಕುಡಿಸಿ ಒಂದು ಗಂಟೆಗೆ ನೋಡುತ್ತಾರೆ. ಅಂಕಿ ಹೆಚ್ಚಿದ್ದರೆ ಇನ್ನೊಂದು ದಿನ ಖಾಲಿ ಹೊಟ್ಟೆಯಲ್ಲಿ ಕರೆಸಿ 100 ಗ್ರಾಂ ಕುಡಿಸಿ ಮೂರು ಗಂಟೆ ಕೂರಿಸುತ್ತಾರೆ.

ಇಷ್ಟು ವಿವರ ಏಕೆಂದರೆ, ಬರಿಯ ಅಂಕಿಗೆ ಅರ್ಥವಿಲ್ಲ. 145 ಬಂದಿದೆ ಎಂದುಕೊಳ್ಳಿ. ಮೊದಲ ಕ್ರಮದಲ್ಲಿ ಅದು ಮಧುಮೇಹ. ಎರಡನೆಯದರಲ್ಲಿ ಎರಡು ಗಂಟೆಯ ಅಂಕಿ ಅದಾಗಿದ್ದು ಉಳಿದೆರಡೂ ಸರಿಯಿದ್ದರೆ ಮಧುಮೇಹವಲ್ಲ. ಮೂರನೆಯದರಲ್ಲಿ ಅದು ಇನ್ನೊಂದು ಪರೀಕ್ಷೆಗೆ ಕರೆ ಮಾತ್ರ. ವಾಟ್ಸ್ಯಾಪ್‌ನಲ್ಲಿ ಓರಗಿತ್ತಿ ತನ್ನ 150 ತೋರಿಸಿ ‘ನನಗೆ ಏನೂ ಇಲ್ಲ ಎಂದರು’ ಎಂದು ಸಮಾಧಾನ ಹೇಳಿದರೆ, ಎಷ್ಟು ಗ್ರಾಂ ಕುಡಿದೆ, ಎಷ್ಟು ಹೊತ್ತಿಗೆ ರಕ್ತ ಕೊಟ್ಟೆ ಎಂದು ತಿರುಗಿ ಕೇಳಿ.

ಇವುಗಳ ಬದಲಿಗೆ ಬೇರೆ ಏನಾದರೂ ಸಾಕೇ? ಮೂತ್ರದಲ್ಲಿ ಸಕ್ಕರೆ ಕಂಡದ್ದರಿಂದ ತೀರ್ಮಾನಿಸಲಾಗದು, ಬಸುರಿಯರಲ್ಲಿ ರಕ್ತದ ಸಕ್ಕರೆ ಸರಿಯಿದ್ದರೂ ಅದು ಮೂತ್ರಕ್ಕೆ ಸೋರುವುದುಂಟು. ಮೂರು ತಿಂಗಳ ಸರಾಸರಿ ಎನ್ನುವ ಎಚ್‌ಬಿಎ1ಸಿ ಕೂಡ ಈ ಹಂತದಲ್ಲಿ ನಂಬಿಕೆಗೆ ಸಾಲದು. ಗರ್ಭಾವಸ್ಥೆಯಲ್ಲಿ ಕೆಂಪು ರಕ್ತಕಣಗಳು ಬೇಗ ಬದಲಾಗುವುದರಿಂದ ಅಂಕಿ ಕಡಿಮೆ ತೋರುತ್ತದೆ, ರಕ್ತಹೀನತೆಯಿದ್ದರೆ ಇನ್ನಷ್ಟು ಗೊಂದಲ.

ಪರೀಕ್ಷೆಯ ದಿನ

ಹಿಂದಿನ ಮೂರು ದಿನ ಎಂದಿನ ಊಟವನ್ನೇ ಮಾಡಿ. ‘ಚೆನ್ನಾಗಿ ಬರಲಿ’ ಎಂದು ಅನ್ನ, ಮುದ್ದೆ ಬಿಟ್ಟು ಸೌತೆಕಾಯಿ ತಿಂದುಕೊಂಡಿದ್ದರೆ ಮೋಸಹೋಗುವವರು ನೀವೇ. ಹೊಟ್ಟೆಗೆ ಹಿಟ್ಟಿನ ಪದಾರ್ಥ ತೀರ ಕಡಿಮೆಯಾದಾಗ ಒಮ್ಮೆಲೇ ಗ್ಲೂಕೋಸ್ ಬಿದ್ದರೆ ಅಂಕಿ ಸುಳ್ಳಾಗಿ ಏರಲೂಬಹುದು. ಖಾಲಿ ಹೊಟ್ಟೆಯ ಪರೀಕ್ಷೆಯಾದರೆ ರಾತ್ರಿಯ ಊಟದಿಂದ ಕನಿಷ್ಠ ಎಂಟು ಗಂಟೆ ಬಿಡುವಿರಲಿ. ನೀರು ಕುಡಿಯಬಹುದು, ಕಾಫಿ ಕೂಡದು. ಸಕ್ಕರೆ ಹಾಕದ ಕಾಫಿಯೂ ಕೂಡದು.

ಅವಧಿಗೆ ಮುನ್ನ ಹೆರಿಗೆಯಾಗುವ ಭಯದಿಂದ ಮಗುವಿನ ಶ್ವಾಸಕೋಶ ಬಲಿಯಲೆಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರೆ ಮರೆಯದೆ ಹೇಳಿ. ಅದಾದ ಕೆಲವು ದಿನ ಸಕ್ಕರೆ ಏರಿಯೇ ಇರುತ್ತದೆ, ಪರೀಕ್ಷೆಯನ್ನು ಎಷ್ಟು ದಿನ ಮುಂದೂಡಬೇಕೆಂದು ವೈದ್ಯರು ತಿಳಿಸುತ್ತಾರೆ.

ಗ್ಲೂಕೋಸನ್ನು ಗ್ರಾಂ ಲೆಕ್ಕದ ಪೊಟ್ಟಣದಿಂದಲೇ ಕರಗಿಸಬೇಕು, ಡಬ್ಬಿಯಿಂದ ಚಮಚದ ಅಂದಾಜಿನಲ್ಲಿ ಅಲ್ಲ. ನೀರು ಸುಮಾರು 300 ಮಿಲಿಲೀಟರ್. ಐದರಿಂದ ಹತ್ತು ನಿಮಿಷದೊಳಗೆ ಕುಡಿದು ಮುಗಿಸಬೇಕು. ಆ ಅತಿಸಿಹಿಗೆ ಹೊಟ್ಟೆ ತೊಳಸುತ್ತದೆ, ನಿಜ. ತಣ್ಣಗಿದ್ದರೆ ಇಳಿಸುವುದು ಸುಲಭ. ಒಂದೆರಡು ಹನಿ ನಿಂಬೆರಸಕ್ಕೆ ಕೆಲವು ಕಡೆ ಒಪ್ಪುತ್ತಾರೆ, ಕೇಳಿ ನೋಡಿ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಅಂದಿನ ಪರೀಕ್ಷೆ ಲೆಕ್ಕಕ್ಕಿಲ್ಲ, ಇನ್ನೊಂದು ದಿನ ಬರಬೇಕು. ಅರ್ಧ ಗಂಟೆ ಕಳೆದ ಮೇಲೆ ಆದರೆ ಸರ್ಕಾರಿ ಕ್ರಮದಲ್ಲಿ ಪರೀಕ್ಷೆ ಮುಂದುವರಿಯುತ್ತದೆ.

ಇನ್ನು ಗಡಿಯಾರ. ನನ್ನ ಒತ್ತಾಯ ಇರುವುದೆಲ್ಲ ಇಲ್ಲಿಯೇ. ತಂಗಿಯನ್ನು ಕರೆದುಕೊಂಡು ಹೋದ ಲ್ಯಾಬ್‌ನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೇ ಹೆಸರು ಕೂಗಿದರು. ಇನ್ನೂ ನಲವತ್ತು ನಿಮಿಷ ಇದೆಯಲ್ಲ ಎಂದರೆ, ‘ಸ್ವಲ್ಪ ಹಿಂದೆ ಮುಂದೆ ಆದರೆ ಏನೂ ಆಗುವುದಿಲ್ಲ ಮೇಡಂ’ ಎಂಬ ಉತ್ತರ ಬಂತು. ಆಗುತ್ತದೆ. ಗ್ಲೂಕೋಸ್ ಕುಡಿದ ಮೇಲೆ ಸಕ್ಕರೆ ಏರಿ ಇಳಿಯುವ ಇಳಿಜಾರಿನ ಮೇಲೆಯೇ ಈ ಪರೀಕ್ಷೆ ನಿಂತಿದೆ. ನಲವತ್ತು ನಿಮಿಷ ಮೊದಲೇ ತೆಗೆದರೆ ಇಲ್ಲದ ಮಧುಮೇಹ ಹುಟ್ಟಿಕೊಳ್ಳುತ್ತದೆ, ತಡವಾಗಿ ತೆಗೆದರೆ ಇರುವುದು ಅಡಗಿಕೊಳ್ಳುತ್ತದೆ. ಮೊದಲ ಗುಟುಕಿನ ಹೊತ್ತಿಗೆ ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಂಡು, ಚೀಟಿಯ ಹಿಂಬದಿಯಲ್ಲಿ ಸಮಯ ಬರೆಯಿರಿ. ಕುಡಿದ ಸಮಯ, ರಕ್ತ ಕೊಟ್ಟ ಸಮಯ, ಎಷ್ಟು ಗ್ರಾಂ ಎಂಬುದೂ ಇರಲಿ. ನಡುವೆ ಹೊರಗೆ ಹೋಗಿ ತರಕಾರಿ ತರುವುದು, ಮೆಟ್ಟಿಲು ಹತ್ತಿಳಿಯುವುದು ಬೇಡ. ಓಡಾಡಿದರೆ ಸಕ್ಕರೆ ಕರಗಿ ಅಂಕಿ ಇಳಿಯುತ್ತದೆ. ಕೂತೇ ಇರಿ. ಮುಗಿದ ತಕ್ಷಣ ತಿನ್ನಲು ಇಡ್ಲಿಯ ಡಬ್ಬಿ ಜೊತೆಗಿರಲಿ, ಕೊನೆಗೆ ಸಕ್ಕರೆ ಒಮ್ಮೆಲೇ ಇಳಿದು ತಲೆ ಸುತ್ತುವುದುಂಟು.

ಖರ್ಚಿನ ಚಿಂತೆಯಿದ್ದರೆ ವಾಣಿವಿಲಾಸ, ಶಿವಾಜಿನಗರದ ಘೋಷಾ ಆಸ್ಪತ್ರೆ, ಜಯನಗರ ಜನರಲ್ ಆಸ್ಪತ್ರೆ, ಮಲ್ಲೇಶ್ವರದ ಕೆ.ಸಿ. ಜನರಲ್ ಅಥವಾ ಹತ್ತಿರದ ಪಾಲಿಕೆ ಹೆರಿಗೆ ಆಸ್ಪತ್ರೆಯಲ್ಲಿ ವಿಚಾರಿಸಿ. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೇ ತಿಂಗಳಿನಿಂದಾಚೆಯ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತಿದೆ. ಆ ದಿನ ಸಾಲು ಉದ್ದವಿರುತ್ತದೆ, ಬೆಳಿಗ್ಗೆಯೇ ಹೋಗಿ.

ಅಂಕಿ ಹೆಚ್ಚು ಬಂದರೆ

ತಂಗಿಗೆ ಸರಿಯಾಗಿ ಎರಡು ಗಂಟೆಗೆ ಬಂದದ್ದು 158. ಅಂದು ರಾತ್ರಿ ಅವಳು ಅತ್ತಳು. ಸೀಮಂತದಲ್ಲಿ ತಿಂದ ಹೋಳಿಗೆಗಳನ್ನೆಲ್ಲ ಎಣಿಸಿದಳು. ಹೋಳಿಗೆಯ ತಪ್ಪಲ್ಲ ಎಂದು ಅವಳಿಗೆ ಹೇಳಲು ವೈದ್ಯೆಯೇ ಬೇಕಾಯಿತು.

ಮೊದಲ ಮದ್ದು ಊಟದ ಹಂಚಿಕೆ. ಇಬ್ಬರ ಊಟ ಒಬ್ಬಳೇ ಮಾಡಬೇಕು ಎಂಬ ಅಜ್ಜಿಯರ ಲೆಕ್ಕವನ್ನು ಬಿಟ್ಟು, ಮೂರು ಹದವಾದ ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ. ಉಪವಾಸ ಮಾತ್ರ ಸಲ್ಲದು. ರಾಗಿಯ ಬಗ್ಗೆ ನಮ್ಮವರಿಗೆ ಕುರುಡು ನಂಬಿಕೆ: ಮುದ್ದೆಯೂ ಹಿಟ್ಟೇ, ಎರಡು ಮುದ್ದೆ ಉಂಡರೆ ಸಕ್ಕರೆ ಏರಿಯೇ ಏರುತ್ತದೆ. ಬೆಲ್ಲ ಹಾಕಿದ ರಾಗಿ ಮಾಲ್ಟ್ ಇನ್ನೂ ಬೇಗ ಏರಿಸುತ್ತದೆ. ಒಂದು ಸಣ್ಣ ಮುದ್ದೆಗೆ ಧಾರಾಳ ಸೊಪ್ಪಿನ ಸಾರು, ಕಾಳಿನ ಪಲ್ಯ, ಮೊಟ್ಟೆ ತಿನ್ನುವವರಿಗೆ ಮೊಟ್ಟೆ ಸೇರಿದರೆ ಆ ಮಾತು ಬೇರೆ. ದರ್ಶಿನಿಯಲ್ಲಿ ನಿಂತು ಖಾರಾಬಾತ್ ಜೊತೆ ಕೇಸರಿಬಾತ್ ತಿನ್ನುವ ಚೌಚೌಬಾತ್ ಸುಖವನ್ನು ಹೆರಿಗೆಯವರೆಗೆ ಮುಂದೂಡಬೇಕು. ವೈದ್ಯರು ನಡೆಯಬೇಡಿ ಎಂದಿಲ್ಲದಿದ್ದರೆ ಊಟದ ನಂತರ ಹದಿನೈದು ಇಪ್ಪತ್ತು ನಿಮಿಷ ನಡೆಯಿರಿ. ಬೀದಿಯ ಪಾದಚಾರಿ ಮಾರ್ಗ ನಂಬುವಂತಿಲ್ಲ, ಮನೆಯ ತಾರಸಿಯೇ ವಾಸಿ.

ಗುರಿ ಹೀಗಿರುತ್ತದೆ: ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ ಕಡಿಮೆ, ಊಟವಾಗಿ ಎರಡು ಗಂಟೆಗೆ 120ಕ್ಕಿಂತ ಕಡಿಮೆ. ಮನೆಯಲ್ಲಿ ಗ್ಲೂಕೋಮೀಟರ್‌ನಿಂದ ನೋಡುವಾಗ ಬೆರಳು ತೊಳೆದು ಒರೆಸಿ ಚುಚ್ಚಿ. ಹಣ್ಣು ಹೆಚ್ಚಿದ ಕೈಯ ರಸವೇ ಅಂಕಿಯನ್ನು ಏರಿಸಿಬಿಡುತ್ತದೆ. ಎರಡು ವಾರದ ಪಥ್ಯಕ್ಕೆ ಬಗ್ಗದಿದ್ದರೆ ಮೆಟ್‌ಫಾರ್ಮಿನ್ ಮಾತ್ರೆ ಅಥವಾ ಇನ್ಸುಲಿನ್. 35 ವಾರ ದಾಟಿದವರಲ್ಲಿ ವೈದ್ಯರು ಅಷ್ಟು ದಿನ ಕಾಯದಿರಬಹುದು. ಇನ್ಸುಲಿನ್ ಎಂದೊಡನೆ ‘ಜೀವನಪೂರ್ತಿ ಚುಚ್ಚಿಕೊಳ್ಳಬೇಕಾ’ ಎಂಬ ಅಳಲು ಕೇಳುತ್ತದೆ. ಮಾಸು ಹೊರಬಿದ್ದ ಮೇಲೆ ಹೆಚ್ಚಿನವರಿಗೆ ಅದರ ಅಗತ್ಯವೇ ಮುಗಿಯುತ್ತದೆ. ಮಗುವಿನ ಒದೆತ ಎಂದಿಗಿಂತ ಕಡಿಮೆಯಾದರೆ ಮಾತ್ರ ಮರುದಿನದ ಅಪಾಯಿಂಟ್‌ಮೆಂಟ್ ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ.

ಹುಟ್ಟಿದ ಮಗುವಿನ ಹಿಮ್ಮಡಿ ಚುಚ್ಚಿ ಸಕ್ಕರೆ ನೋಡುತ್ತಾರೆ. ಹೊಟ್ಟೆಯೊಳಗಿದ್ದಾಗ ಹೆಚ್ಚಿಸಿಕೊಂಡ ಇನ್ಸುಲಿನ್ ಇನ್ನೂ ಇರುತ್ತದೆ, ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಂತಿರುತ್ತದೆ, ಹಾಗಾಗಿ ಮಗುವಿನದು ಥಟ್ಟನೆ ಇಳಿಯುವುದುಂಟು. ಮೊದಲ ಗಂಟೆಯೊಳಗೆ ಎದೆಹಾಲು ಕುಡಿಸಿ. ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸಲು ಬರುವ ಹಿರಿಯರನ್ನು ನಯವಾಗಿ ತಡೆಯಿರಿ.

ಹೆರಿಗೆಯಾದ ಆರು ವಾರಕ್ಕೆ ತಾಯಿಗೆ ಮತ್ತೊಮ್ಮೆ ಅದೇ 75 ಗ್ರಾಂ ಪರೀಕ್ಷೆ, ಈ ಸಲ ಖಾಲಿ ಹೊಟ್ಟೆಯಲ್ಲಿ. ಎರಡು ಗಂಟೆಗೆ 140ರ ಕೆಳಗಿದ್ದರೆ ಸರಿ, 200 ಮುಟ್ಟಿದರೆ ಮಧುಮೇಹ ಉಳಿದುಕೊಂಡಿದೆ. ಆ ಹೊತ್ತಿಗೆ ಬಾಣಂತಿ ಬೆಚ್ಚಗೆ ಮುಸುಕು ಹೊದ್ದು ತವರಿನಲ್ಲಿರುತ್ತಾಳೆ, ಹೊರಗೆ ಕಳುಹಿಸಲು ಯಾರಿಗೂ ಮನಸ್ಸಿರುವುದಿಲ್ಲ. ಮಗುವಿಗೆ ಒಂದೂವರೆ ತಿಂಗಳ ಲಸಿಕೆ ಹಾಕಿಸಲು ಹೇಗೂ ಆಟೋ ಹತ್ತಲೇಬೇಕಲ್ಲ. ಅದೇ ಬೆಳಿಗ್ಗೆ, ತಿಂಡಿ ತಿನ್ನದೆ, ಹಳೆಯ ಚೀಟಿಯನ್ನು ತಾಯಿ ಕಾರ್ಡ್‌ನೊಳಗಿಟ್ಟುಕೊಂಡು ಹೊರಟರೆ ಎರಡೂ ಕೆಲಸ ಒಂದೇ ಓಡಾಟದಲ್ಲಿ ಮುಗಿಯುತ್ತವೆ.