ಒಂದೇ ಕೆರೆ, ಒಂದೇ ಮೂಲೆ

ಹಾಸನದಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಬಾಗಿಲು ತೆಗೆಯುವುದು ಒಂಬತ್ತೂವರೆಗೆ. ಅದಕ್ಕೆ ಮುಂಚಿನ ಮೂರು ಮೂರೂವರೆ ಗಂಟೆ ನನ್ನದು. ಏಳು ವರ್ಷದಿಂದ ವಾರಕ್ಕೆ ಮೂರು ದಿನವಾದರೂ ಆ ಹೊತ್ತಿನಲ್ಲಿ ನಾನು ಯಾವುದಾದರೂ ಕೆರೆಯ ಹತ್ತಿರ ಇರುತ್ತೇನೆ.

ಮೊದಲೆರಡು ವರ್ಷ ಸುತ್ತಿದ್ದೇ ಸುತ್ತಿದ್ದು. ಬೈಕಿನಲ್ಲಿ ಹಳೇಬೀಡಿನ ದೊಡ್ಡ ಕೆರೆ, ಬೇಲೂರಿನ ಯಗಚಿ ಡ್ಯಾಮ್, ಶೆಟ್ಟಿಹಳ್ಳಿ ಚರ್ಚ್ ಹತ್ತಿರದ ಹೇಮಾವತಿ ಹಿನ್ನೀರು. ಭಾನುವಾರ ಬಂದರೆ ಸಖರಾಯಪಟ್ಟಣದ ಅಯ್ಯನಕೆರೆ. ಹೋದ ಕಡೆ ಎಲ್ಲ ಹಕ್ಕಿ ಇತ್ತು, ಫೋಟೋನೂ ತೆಗೆದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಬರೀ ಹಕ್ಕಿಯ ಬೆನ್ನು. ಹಾರಿ ಹೋಗುತ್ತಿರುವ ಬೆಳ್ಳಕ್ಕಿಯ ಬೆನ್ನು, ಓಡುತ್ತಿರುವ ಟಿಟ್ಟಿಭದ ಬೆನ್ನು, ನೀರು ಒದ್ದು ಏಳುತ್ತಿರುವ ನಾಮದ ಕೋಳಿಯ ಬೆನ್ನು. ಲೆನ್ಸ್ ಚಿಕ್ಕದು, ಅದಕ್ಕೇ ಹೀಗೆ ಅಂದುಕೊಂಡೆ. ಆಗ ಇದ್ದದ್ದು 55–250 ಎಂಎಂ ಲೆನ್ಸ್; ಈ ಅಂಕಿ ದೊಡ್ಡದಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. ಸಾಲ ಮಾಡಿ ಹಳೆಯ ಸಿಗ್ಮಾ 150–600 ತಗೊಂಡೆ. ಅದು ಬಂದ ಮೇಲೆ ಅದೇ ಬೆನ್ನು ಸ್ವಲ್ಪ ದೊಡ್ಡದಾಗಿ ಬಂತು ಅಷ್ಟೆ.

ನಾನು ಬದಲಾಗಿದ್ದು ಒಂದು ಗುಳುಮುಳುಕದಿಂದ. ಅದನ್ನು ಹೇಳಲೇಬೇಕು.

ಗುಳುಮುಳುಕ ನಮ್ಮ ಕೆರೆಗಳಲ್ಲಿ ಎಲ್ಲರೂ ನೋಡಿರುವ ಹಕ್ಕಿ. ಪಾರಿವಾಳಕ್ಕಿಂತ ಚಿಕ್ಕದು, ಬಾಲವೇ ಇಲ್ಲ ಅನ್ನಿಸುತ್ತದೆ, ನೋಡ್ತಾ ನೋಡ್ತಾ ನೀರಲ್ಲಿ ಮುಳುಗಿ ಎಲ್ಲೋ ಏಳುತ್ತದೆ. ನೀರಿನ ಮೇಲೆ ಪಾಚಿ, ಕೊಳೆತ ಎಲೆ, ಜೊಂಡಿನ ಚೂರು ಗುಡ್ಡೆ ಹಾಕಿ ಗೂಡು ಮಾಡುತ್ತದೆ. ಗೂಡು ಬಿಟ್ಟು ಹೋಗುವಾಗ ಅಕ್ಕಪಕ್ಕದ ಒದ್ದೆ ಪಾಚಿಯನ್ನು ಕೊಕ್ಕಿನಲ್ಲಿ ಎಳೆದು ಮೊಟ್ಟೆ ಮುಚ್ಚಿ ಹೋಗುತ್ತದೆ. ಇಟ್ಟಾಗ ಬೆಳ್ಳಗಿರುವ ಮೊಟ್ಟೆ ಆ ಪಾಚಿ ತಾಗಿ ತಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಅಂಥ ಒಂದು ಗೂಡು ಕಂಡಿತು ಅಂತ ಮೊಣಕಾಲುದ್ದ ನೀರಿಗಿಳಿದು ಜೊಂಡು ಸರಿಸಿಕೊಂಡು ಹೋದೆ. ಹಕ್ಕಿಗೆ ಮೊಟ್ಟೆ ಮುಚ್ಚುವಷ್ಟೂ ಪುರುಸೊತ್ತು ಸಿಗಲಿಲ್ಲ. ಸುಮ್ನೆ ಜಾರಿ ಮುಳುಗಿತು. ನಾಲ್ಕು ಮೊಟ್ಟೆ ಬಯಲಲ್ಲಿ ಉಳಿದವು. ಹತ್ತು ಹದಿನೈದು ಫೋಟೋ ತೆಗೆದು ದಡಕ್ಕೆ ಬಂದು ಶೂ ಹಾಕಿಕೊಳ್ಳುವಷ್ಟರಲ್ಲಿ ಎರಡು ಕಾಗೆ ಆ ಗೂಡಿನ ಮೇಲೆ ಕೂತಿದ್ದವು. ನಾನು ಓಡಿದೆ, ಕೂಗಿದೆ. ಮುಗಿದಿತ್ತು.

ಆ ಫೋಟೋಗಳನ್ನು ಅವತ್ತೇ ಅಳಿಸಿದೆ. ಆಮೇಲೆ ಒಂದು ತಿಂಗಳು ಕ್ಯಾಮೆರಾ ಮುಟ್ಟಲಿಲ್ಲ. ಮತ್ತೆ ಕೈಗೆತ್ತಿಕೊಂಡಾಗ ಎರಡು ತೀರ್ಮಾನ ಮಾಡಿದ್ದೆ. ಗೂಡಿನ ಹತ್ತಿರ ಹೋಗುವುದಿಲ್ಲ. ಮತ್ತೆ, ಹಕ್ಕಿಯ ಕಡೆಗೆ ನಾನು ನಡೆಯುವುದಿಲ್ಲ, ಬಂದರೆ ಅದೇ ಬರಲಿ.

ಎರಡನೆಯದು ಸಾಧ್ಯವಾಗಬೇಕಾದರೆ ಹತ್ತು ಕೆರೆ ಸುತ್ತಿದರೆ ಆಗುವುದಿಲ್ಲ. ಹಾಗಾಗಿ ಒಂದು ಕೆರೆ ಹಿಡಿದೆ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಮಳೆಗಾಲದಲ್ಲಿ ಗೂಡು ಇರುತ್ತವೆ. ಗೂಡಿನ ಜಾಗದ ಸುದ್ದಿ ಹರಡಿದರೆ ವಾರದಲ್ಲಿ ಇಪ್ಪತ್ತು ಕ್ಯಾಮೆರಾ ಬರುತ್ತವೆ. ಹಾರುವ ಫೋಟೋ ಬೇಕು ಅಂತ ಬಾತುಗಳ ಗುಂಪಿಗೆ ಕಲ್ಲು ಹೊಡೆದವರನ್ನು ಬೇರೆ ಕೆರೆಯಲ್ಲಿ ಕಣ್ಣಾರೆ ನೋಡಿದ್ದೇನೆ. ನನ್ನ ಕೆರೆ ಹಾಸನದಿಂದ ಅರ್ಧ ಗಂಟೆ ದಾರಿ, ಸುತ್ತ ರಾಗಿ, ಜೋಳ, ಆಲೂಗಡ್ಡೆ ಹೊಲ, ಅರ್ಧ ಕೆರೆಗೆ ತಾವರೆ. ಇಷ್ಟು ಸಾಕು.

ಮೊದಲ ತಿಂಗಳು ಜಾಗ ಹುಡುಕುವುದರಲ್ಲೇ ಹೋಯಿತು. ಬೆಳಗಿನ ಬಿಸಿಲು ನನ್ನ ಬೆನ್ನಿಗೆ ಬೀಳಬೇಕು, ಅಂದರೆ ನಾನು ಕೆರೆಯ ಪೂರ್ವಕ್ಕೆ ಇರಬೇಕು. ಏರಿ ಮೇಲೆ ಕೂತರೆ ಆಗದು. ಮೇಲಿನಿಂದ ಕೆಳಗೆ ನೋಡಿದ ಹಕ್ಕಿಯ ಹಿಂದೆ ಬರೀ ಪಾಚಿ, ಕಸ ಬರುತ್ತದೆ. ಲೆನ್ಸ್ ನೀರಿಗಿಂತ ಒಂದು ಗೇಣು ಮೇಲಿದ್ದರೆ ಹಕ್ಕಿಯ ಕಣ್ಣಿನ ಮಟ್ಟಕ್ಕೆ ನಾವು ಬರುತ್ತೇವೆ. ಹಿಂದಿನದೆಲ್ಲ ದೂರಕ್ಕೆ ಸರಿದು ಹಸಿರು ಬಟ್ಟೆಯಂತೆ ಮೆತ್ತಗಾಗುತ್ತದೆ. ಕೊನೆಗೆ ತೂಬಿನಿಂದ ಸುಮಾರು ಇನ್ನೂರು ಹೆಜ್ಜೆ ಆಚೆ, ಜೊಂಡು ಬೆಳೆದ ಒಂದು ಮೂಲೆ ಸಿಕ್ಕಿತು.

ಅಲ್ಲಿ ಕೂತ ಮೂರನೇ ದಿನ ಬಲೆ ಬಿಡುವ ಒಬ್ಬ ಹಿರಿಯರು ತೆಪ್ಪ ನಿಲ್ಲಿಸಿ ಕೇಳಿದರು.

‘ಯಾಕ್ಸಾ, ದಿನಾ ಬಂದು ಇಲ್ಲೇ ಬಗ್ಗಿ ಕೂತ್ಕತೀರ? ಏನಾರ ಕಳ್ಕಂಡ್ರಾ?’

‘ಹಕ್ಕಿ ಫೋಟೋ ತೆಗೀತೀನಿ ಅಣ್ಣ.’

‘ತೆಗೀರಿ. ಆ ಬಲಗಡೆ ಮಾತ್ರ ಇಳೀಬ್ಯಾಡಿ. ಜೆಸಿಬಿಲಿ ಮಣ್ಣು ತಗ್ದು ಗುಂಡಿ ಮಾಡವ್ರೆ. ಮೇಲೆ ನೋಡುದ್ರೆ ಮೊಣಕಾಲುದ್ದ, ಇಳುದ್ರೆ ಎರಡಾಳು.’

ಆ ಮಾತು ನನ್ನ ಜೀವ ಉಳಿಸಿರಬಹುದು. ಹೊಸದಾಗಿ ಕೆರೆಗೆ ಹೋಗುವವರಿಗೆ ನಾನು ಕ್ಯಾಮೆರಾ ವಿಷಯಕ್ಕಿಂತ ಮೊದಲು ಇದನ್ನೇ ಹೇಳುತ್ತೇನೆ. ಆ ಊರಿನವರನ್ನು ಕೇಳದೆ ನೀರಿಗೆ ಕಾಲಿಡಬೇಡಿ.

ಸಾಮಾನು ಜಾಸ್ತಿ ಇಲ್ಲ. ಟ್ರೈಪಾಡ್ ಅಷ್ಟು ಕೆಳಕ್ಕೆ ಇಳಿಯುವುದಿಲ್ಲ, ಅದಕ್ಕೆ ಒಂದು ಚೀಲ. ಹಳೇ ಜೀನ್ಸಿನ ಕಾಲು ಕತ್ತರಿಸಿ ಮನೆಯವಳು ಹೊಲಿದುಕೊಟ್ಟಿದ್ದು, ಒಳಗೆ ಎರಡು ಸೇರು ರಾಗಿ. ಲೆನ್ಸೇ ಹತ್ತಿರ ಹತ್ತಿರ 2 ಕೆಜಿ ಇದೆ, ರಾಗಿ ಮೇಲೆ ಇಟ್ಟರೆ ಅಲ್ಲಾಡದೆ ಕೂರುತ್ತದೆ. ಒಂದು ಸಲ ಚೀಲ ನೆನೆದು ರಾಗಿ ಮೊಳಕೆ ಬಂತು. ಅಲ್ಲಿಂದೀಚೆಗೆ ಒಳಗೆ ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ ರಾಗಿ ತುಂಬುತ್ತೇವೆ. ಮಲಗಲು ಗೊಬ್ಬರದ ಚೀಲ, ಮೇಲೆ ಹೊದೆಯಲು ಮಣ್ಣಿನ ಬಣ್ಣದ ಹಳೇ ಬೆಡ್‌ಶೀಟ್. ಬಟ್ಟೆಯ ಬಣ್ಣಕ್ಕಿಂತ ಮುಖ್ಯ ಅಲ್ಲಾಡದೆ ಇರುವುದು. ಸೊಳ್ಳೆ ಕಚ್ಚಿದರೂ ಕೈ ಎತ್ತಬಾರದು.

ಕತ್ತಲಿರುವಾಗಲೇ ಹೋಗಿ ಕೂರುತ್ತೇನೆ. ಬೆಳಕಾದ ಮೇಲೆ ಹೋದರೆ ನಾವು ಬಂದದ್ದನ್ನು ಇಡೀ ಕೆರೆ ನೋಡಿರುತ್ತದೆ. ಕತ್ತಲಲ್ಲಿ ಕೂತರೆ ಬೆಳಗಾದಾಗ ನಾವು ಅಲ್ಲಿ ಮೊದಲಿಂದ ಇದ್ದ ಒಂದು ಗುಡ್ಡೆ, ಅಷ್ಟೆ. ಆದರೂ ಮೊದಲ ಅರ್ಧ ಗಂಟೆ ಏನೂ ಬರುವುದಿಲ್ಲ. ಆಮೇಲೆ ದೂರದ ನೀರುಕಾಗೆ ರೆಕ್ಕೆ ಒಣಗಿಸಲು ಕೂರುತ್ತದೆ. ಕೊಳದ ಬಕ ಕುತ್ತಿಗೆ ಚಾಚುತ್ತದೆ. ನೇರಳೆ ಜಂಬುಕೋಳಿ ಜೊಂಡಿನಿಂದ ಹೊರಗೆ ಬಂದು ದಂಟು ಕೀಳುತ್ತದೆ. ಜಂಬುಕೋಳಿ ಹೊರಗೆ ಬಂತು ಅಂದರೆ ನನ್ನನ್ನು ಮರೆತಿವೆ ಅಂತ ಲೆಕ್ಕ.

ಆ ಮೂಲೆಯಲ್ಲಿ ನನಗೆ ಸಿಕ್ಕ ದೊಡ್ಡ ಭಾಗ್ಯ ದೇವನಕ್ಕಿ, ಉದ್ದ ಬಾಲದ್ದು. ಬೇಸಿಗೆ ಕೊನೆಗೆ ಅದಕ್ಕೆ ಬಾಲ ಬೆಳೆಯುತ್ತದೆ. ಮೈ ಕಡುಕಂದು, ರೆಕ್ಕೆ, ಮುಖ ಬಿಳಿ, ಕುತ್ತಿಗೆಯ ಹಿಂದೆ ಹೊಸ ಒಡವೆಯಂಥ ಹಳದಿ. ಮಳೆಗಾಲ ಮುಗಿದರೆ ಆ ಬಾಲವೂ ಇಲ್ಲ, ಆ ಬಣ್ಣವೂ ಇಲ್ಲ. ಅದೇ ಹಕ್ಕಿ ಅಂದರೆ ನಂಬುವುದು ಕಷ್ಟ. ಇವುಗಳಲ್ಲಿ ಹೆಣ್ಣು ಮೊಟ್ಟೆ ಇಟ್ಟು ಇನ್ನೊಂದು ಗಂಡಿನ ಕಡೆ ಹೋಗುತ್ತದೆ. ನಾಲ್ಕು ಮೊಟ್ಟೆಗೆ ಕಾವು ಕೊಡುವುದು, ಮರಿ ನೋಡಿಕೊಳ್ಳುವುದು ಎಲ್ಲ ಅಪ್ಪನ ಕೆಲಸ. ಮಳೆ ಬಂದರೆ ಅಪ್ಪ ಎಲೆ ಮೇಲೆ ಕುಕ್ಕರಿಸಿ ರೆಕ್ಕೆ ಸಡಿಲ ಬಿಡುತ್ತಾನೆ, ಮರಿಗಳು ಒಳಗೆ ನುಗ್ಗುತ್ತವೆ. ದೂರದಿಂದ ಇದನ್ನು ನೋಡಿದ ದಿನ ಅಂಗಡಿ ತೆಗೆದಾಗ ಹನ್ನೊಂದು ಗಂಟೆ.

ಒಂದು ಜುಲೈ ಬೆಳಗ್ಗೆ ಅಂಥ ಗಂಡು ಹಕ್ಕಿ ತಾವರೆ ಎಲೆಯಿಂದ ಎಲೆಗೆ ಮೇಯುತ್ತಾ ನನ್ನ ಕಡೆಗೇ ಬಂತು. ಎಷ್ಟು ಹತ್ತಿರ ಅಂದರೆ ಬೆರಳು ಎಣಿಸಬಹುದಿತ್ತು. ಒಂದೊಂದು ಬೆರಳೂ ಕಡ್ಡಿಯ ಹಾಗೆ ಉದ್ದ, ತುದಿಯಲ್ಲಿ ಉದ್ದನೆಯ ಉಗುರು. ಕಾಲಿಟ್ಟ ಎಲೆಯ ಅಂಚು ಒಂದಿಷ್ಟು ಬಗ್ಗುತ್ತದೆ, ತೆಳ್ಳಗೆ ನೀರು ಎಲೆ ಮೇಲೆ ಹರಿಯುತ್ತದೆ. ಹಕ್ಕಿ ಮುಂದಿನ ಎಲೆಗೆ ದಾಟಿದೊಡನೆ ಎಲೆ ಮೇಲೇಳುತ್ತದೆ, ನೀರು ಗುಂಡಾಗಿ ಉರುಳಿ ನಡುವೆ ನಿಲ್ಲುತ್ತದೆ. ಎಲೆಯ ಅಂಚನ್ನು ಕೊಕ್ಕಿನಲ್ಲಿ ಎತ್ತಿ ಕೆಳಗಿನ ಹುಳ ಹೆಕ್ಕುತ್ತದೆ. ನನ್ನ ಲೆನ್ಸಿಗೆ 2.8 ಮೀಟರ್‌ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಹಕ್ಕಿ ಅದಕ್ಕಿಂತ ಒಳಗೆ ಬಂದಿತ್ತು. ಅದು ಮತ್ತೆ ದೂರ ಸರಿದ ಮೇಲೆ ಸಿಕ್ಕಿದ್ದು ಒಂದೇ ಒಂದು ಒಳ್ಳೆ ಫೋಟೋ, ಎತ್ತಿದ ಎಲೆಯ ಕೆಳಗೆ ಹಕ್ಕಿಯ ಕಣ್ಣು. ಐದು ವರ್ಷದಲ್ಲಿ ನಾನು ತೆಗೆದದ್ದರಲ್ಲಿ ಅದೇ ಒಳ್ಳೆಯದು.

ಸೆಟ್ಟಿಂಗ್ಸ್ ಬಗ್ಗೆ ತುಂಬ ಜನ ಕೇಳುತ್ತಾರೆ. ಶಟರ್ ತೆರೆದಿರುವ ಹೊತ್ತು ಮೇಯುವ ಹಕ್ಕಿಗೆ 1/1000 ಸೆಕೆಂಡ್, ಹಾರುವುದಕ್ಕೆ 1/2500, ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಆಟೋದಲ್ಲಿ 3200ರವರೆಗೆ. ಬೆಳಕು ಕಡಿಮೆ ಇದ್ದರೆ 1/500ಕ್ಕೂ ಇಳಿಯುತ್ತೇನೆ. ಕಷ್ಟ ಇರುವುದು ಬಿಳಿ ಬಣ್ಣದಲ್ಲಿ. ಕಪ್ಪು ನೀರಿನ ಮುಂದೆ ಬೆಳ್ಳಕ್ಕಿ ಇದ್ದರೆ ಕ್ಯಾಮೆರಾ ನೀರನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಹಕ್ಕಿ ಸುಣ್ಣ ಬಳಿದ ಗೋಡೆಯಾಗುತ್ತದೆ. ಒಂದು ಗರಿಯೂ ಕಾಣದು. ಎಕ್ಸ್‌ಪೋಷರನ್ನು ಮುಕ್ಕಾಲು ಸ್ಟಾಪ್, ಒಂದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ) ಇಳಿಸಲೇಬೇಕು. ಮತ್ತೆ ಒಂಬತ್ತು ಗಂಟೆ ದಾಟಿ ಬಿಸಿಲೇರಿದರೆ ನೀರಿನ ಮೇಲೆ ಗಾಳಿ ಕುದಿಯುತ್ತದೆ. ದೂರದ ಹಕ್ಕಿ ಎಷ್ಟು ದೊಡ್ಡ ಲೆನ್ಸಿಗೂ ಶಾರ್ಪ್ ಬರುವುದಿಲ್ಲ. ಆಗ ಎದ್ದು ಬರುವುದೇ ಸರಿ.

ಚಳಿಗಾಲಕ್ಕೆ ಸೂಜಿಬಾಲದ ಬಾತುಗಳು ಬರುತ್ತವೆ. ಅವು ನಡು ಕೆರೆ ಬಿಟ್ಟು ಬರುವುದಿಲ್ಲ, ನಾನೂ ಒತ್ತಾಯ ಮಾಡುವುದಿಲ್ಲ. ಎಣಿಸಿ ಬರೆದಿಟ್ಟುಕೊಳ್ಳುತ್ತೇನೆ. ಬೇಸಿಗೆಯಲ್ಲಿ ಒಂದು ಸಲ ಲಕ್ಕವಳ್ಳಿಗೆ ಹೋಗುತ್ತೇನೆ. ಭದ್ರಾ ಹಿನ್ನೀರು ಇಳಿದಾಗ ಮೇಲೆ ಕಾಣಿಸಿಕೊಳ್ಳುವ ನಡುಗಡ್ಡೆಗಳಲ್ಲಿ ನದಿ ರೀವಗಳು (ರಿವರ್ ಟರ್ನ್ ಹಕ್ಕಿ) ಸಾವಿರಗಟ್ಟಲೆ ಮೊಟ್ಟೆ ಇಡುತ್ತವೆ. ಅದು ಬೇರೆಯೇ ಕಥೆ.

ಎರಡು ವರ್ಷದ ಹಿಂದೆ ಈ ಕೆರೆಯ ತಾವರೆ ತೆಗೆಸುವ ಮಾತು ಬಂತು. ಹೂಳೂ ತುಂಬಿತ್ತು, ಊರವರ ಮಾತು ತಪ್ಪಲ್ಲ. ಆಗ ಜೂನ್ ಕೊನೆ, ಹಕ್ಕಿ ಕಾವಿಗೆ ಕೂತ ಸಮಯ. ಅಂಗಡಿಯಲ್ಲೇ ಹನ್ನೆರಡು ಫೋಟೋ ಎ4 ಅಳತೆಗೆ ಕಲರ್ ಪ್ರಿಂಟ್ ತೆಗೆದೆ. ಕೆಳಗೆ ದಪ್ಪ ಅಕ್ಷರದಲ್ಲಿ ಹಕ್ಕಿಯ ಹೆಸರು, ‘ನಿಮ್ಮ ಕೆರೆಯಲ್ಲಿ ತೆಗೆದದ್ದು’ ಅಂತ ಬರೆದು ಲ್ಯಾಮಿನೇಷನ್ ಮಾಡಿ ಕೆರೆ ಮುಂದಿನ ಟೀ ಅಂಗಡಿಯಲ್ಲಿ ನೇತು ಹಾಕಿದೆ. ಮೂರು ದಿನ ಅಲ್ಲೇ ಕೂತು ಬಂದವರ ಹತ್ತಿರ ಮಾತಾಡಿದೆ. ಎಮ್ಮೆ ಮೇಯಿಸುವ ಹೆಂಗಸೊಬ್ಬರು ದೇವನಕ್ಕಿಯ ಫೋಟೋ ಮುಂದೆ ತುಂಬ ಹೊತ್ತು ನಿಂತರು. ‘ಇದು ನಮ್ ಕೆರೇಲದಾ? ನಾವ್ ನೋಡೇ ಇಲ್ವಲ್ಲಪ್ಪ’ ಅಂದರು. ಕೊನೆಗೆ ಪೂರ್ವದ ಮೂಲೆ ಬಿಟ್ಟು ಉಳಿದ ಕಡೆ ತೆಗೆಯೋಣ, ಆ ಮೂಲೆ ದೀಪಾವಳಿ ಕಳೆದ ಮೇಲೆ ನೋಡೋಣ ಅಂತ ಊರವರೇ ಮಾತಾಡಿಕೊಂಡರು. ದೀಪಾವಳಿ ಕಳೆದ ಮೇಲೂ ಅಲ್ಲಿಗೆ ಯಾರೂ ಕೈ ಹಾಕಲಿಲ್ಲ.

ಫೋಟೋಗಳು ಇನ್ನೂ ಆ ಟೀ ಅಂಗಡಿಯಲ್ಲಿವೆ. ಮೊನ್ನೆ ಅಂಗಡಿಯಲ್ಲಿ ಜನ ಇದ್ದಾಗ ಫೋನ್ ಬಂತು. ಬಲೆ ಬಿಡುವ ಅಣ್ಣ.

‘ಸಾರ್, ಬಾಲದಕ್ಕಿ ಬಂದದೆ. ಎರಡವೆ. ನಿಮ್ ಮೂಲೆಲೇ.’

ರಾಗಿ ಚೀಲ ಬಿಸಿಲಿಗಿಟ್ಟಿದ್ದೇನೆ. ನಾಳೆ ನಾಲ್ಕೂವರೆಗೆ ಅಲಾರಾಂ.